ಕಲ್ಯಾಣದ ನೆಲದಲ್ಲಿ ‘ಕೃಪೆ’: ಕ್ರೈಸ್ತ ರಕ್ಷಣಾ ತತ್ತ್ವ ಮತ್ತು ಶರಣ ಪರಿಭಾಷೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಪರಿಸರವು ಹಲವು ಧರ್ಮಧಾರೆಗಳು ಕೂಡಿದ ನೆಲ. 12ನೆಯ ಶತಮಾನದ ಕಲ್ಯಾಣ ಶರಣರ ಕರ್ಮಭೂಮಿಯಾಗಿತ್ತು. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದರು. ನಿಜಾಮ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶಕ್ಕೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ ಪ್ರವೇಶಿಸಿತು. ಅದು ತಂದ ಬೋಧನೆಯ ತಿರುಳು, ಮನುಷ್ಯನಿಗೆ ರಕ್ಷಣೆ ದೊರೆಯುವುದು ಅವನ ಪುಣ್ಯಬಲದಿಂದಲ್ಲ, ದೇವರ ಕೃಪೆಯಿಂದ. ಆ ಕೃಪೆಯನ್ನು ಸ್ವೀಕರಿಸುವ ಕೈ ನಂಬಿಕೆ, ಎಂಬುದು. ದೇವರ ಒಲವನ್ನು ಕುರಿತು ಏಳು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಚಿಂತಿಸಿದ್ದ ನೆಲದಲ್ಲಿ ಈ ಬೋಧನೆ ಯಾವ ಮಾತುಗಳಲ್ಲಿ ನೆಲೆ ಕಂಡಿತು, ಆ ಮಾತುಗಳು ಎಲ್ಲಿ ನೆರವಾದವು, ಎಲ್ಲಿ ತೊಡಕಾದವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪದಗಳ ಆಯ್ಕೆ

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಪರಿಶ್ರಮದಿಂದ 1830ರ ದಶಕದ ಆರಂಭದ ವೇಳೆಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು. ಗ್ರೀಕಿನ ‘ಖಾರಿಸ್’ ಎಂಬ ಪದಕ್ಕೆ ಪ್ರಾಟೆಸ್ಟಂಟ್ ಪರಂಪರೆಯಲ್ಲಿ ‘ಕೃಪೆ’ ಎಂಬುದು ರೂಢಿಗೊಂಡಿತು. ಕಥೋಲಿಕರ ಪ್ರಾರ್ಥನೆಗಳಲ್ಲಿ ‘ವರಪ್ರಸಾದ’ ಎಂಬ ಪದ ಬಳಕೆಗೆ ಬಂದಿತು. ‘ಮೋಕ್ಷ’ಕ್ಕೆ ಬದಲಾಗಿ ‘ರಕ್ಷಣೆ’ ಎಂಬ ಪದ ನೆಲೆಗೊಂಡದ್ದು ಗಮನಾರ್ಹ. ಮೋಕ್ಷವು ಜನ್ಮಾಂತರದ ಕಲ್ಪನೆಯೊಡನೆ ಬೆಸೆದಿದೆ; ರಕ್ಷಣೆಯಲ್ಲಿ ಅಪಾಯಕ್ಕೆ ಸಿಲುಕಿದವನನ್ನು ಮತ್ತೊಬ್ಬನು ಪಾರುಮಾಡುವ ಅರ್ಥವಿದೆ.

‘ಕೃಪೆ’ ಎಂಬ ಪದಕ್ಕೆ ವ್ಯವಹಾರದಲ್ಲಿ ದೊಡ್ಡವರು ಚಿಕ್ಕವರ ಮೇಲೆ ತೋರುವ ದಯೆ ಎಂಬ ಅರ್ಥವಿದೆ. ಪರೀಕ್ಷೆಯಲ್ಲಿ ತುಸುವೇ ಕಡಿಮೆ ಬಿದ್ದ ವಿದ್ಯಾರ್ಥಿಗೆ ನೀಡುವ ‘ಕೃಪಾಂಕ’ ಇದಕ್ಕೆ ಒಳ್ಳೆಯ ನಿದರ್ಶನ. ಆದರೆ ಕೃಪಾಂಕವು ಕೊರತೆಯನ್ನು ತುಂಬುವಂಥದು. ತೇರ್ಗಡೆಯ ಹತ್ತಿರ ಬಂದವನಿಗೆ ಮಾತ್ರ ಸಲ್ಲುವಂಥದು. ಪೌಲನು ಎಫೆಸದವರಿಗೆ ಮತ್ತು ರೋಮಾಪುರದವರಿಗೆ ಬರೆದ ಪತ್ರಿಕೆಗಳಲ್ಲಿ ವಿವರಿಸುವ ಕೃಪೆ ಇಂಥದಲ್ಲ. ಅಲ್ಲಿ ಎಲ್ಲರೂ ಸಮಾನವಾಗಿ ಅನರ್ಹರು; ಯಾರೂ ಹೆಮ್ಮೆಪಡದಂತೆ ರಕ್ಷಣೆಯು ದಾನವಾಗಿ ಬರುತ್ತದೆ.

‘ನಂಬಿಕೆ’ ಎಂಬ ಪದ ಹೆಚ್ಚು ಸಮರ್ಥವಾಗಿದೆ. ‘ದೇವರಿದ್ದಾನೆಂದು ನಂಬು’ ಎನ್ನುವಾಗ ಅದು ಬುದ್ಧಿಯ ಒಪ್ಪಿಗೆ. ‘ದೇವರನ್ನು ನಂಬು’ ಎನ್ನುವಾಗ ತನ್ನನ್ನು ಒಪ್ಪಿಸಿಕೊಳ್ಳುವಿಕೆ. ಕ್ರೈಸ್ತ ತತ್ತ್ವದ ಒತ್ತು ಎರಡನೆಯದರ ಮೇಲಿದೆ. ನಂಬದೆ ಬರಿದೆ ಕರೆಯುವವರನ್ನು ಬಸವಣ್ಣನವರು ಟೀಕಿಸಿರುವುದನ್ನು ಬಲ್ಲ ಓದುಗರಿಗೆ ಈ ವ್ಯತ್ಯಾಸ ಹೊಸದೆನಿಸದು.

ಸಾಮ್ಯ ಮತ್ತು ಭೇದ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಬಂದುದೆಲ್ಲವನ್ನೂ ದೇವರ ಕೊಡುಗೆಯೆಂದು ಸ್ವೀಕರಿಸುವುದು ಪ್ರಸಾದಿಯ ಲಕ್ಷಣ. ದೇವರು ಒಲಿದರೆ ಒಣಗಿದ ಕೊರಡೂ ಚಿಗುರುವುದೆಂಬ ಬಸವಣ್ಣನವರ ಕಲ್ಪನೆ ಕೃಪೆಯ ಉಚಿತತ್ವವನ್ನು ಸಾರುತ್ತದೆ. ಇಷ್ಟರಿಂದಲೇ ಎರಡೂ ಒಂದೇ ಎನ್ನಲಾಗದು. ಕ್ರೈಸ್ತ ತತ್ತ್ವದಲ್ಲಿ ಕೃಪೆಯು ಯೇಸುವಿನ ಶಿಲುಬೆಯ ಮರಣವೆಂಬ ಒಂದು ಐತಿಹಾಸಿಕ ಘಟನೆಗೆ ಕಟ್ಟಲ್ಪಟ್ಟಿದೆ. ಪಾಪದ ಋಣವನ್ನು ಮತ್ತೊಬ್ಬನು ತೀರಿಸಿದನೆಂಬುದು ಅದರ ಆಧಾರ. ಶರಣಮಾರ್ಗದಲ್ಲಿ ಗುರುಕರುಣೆಯಿಂದ ಕರಸ್ಥಲಕ್ಕೆ ಬಂದ ಲಿಂಗದೊಡನೆ ಸಾಮರಸ್ಯ ಹೊಂದುವುದು ಗುರಿ. ಎಲ್ಲ ಮತಗಳ ಮೂಲವೂ ಒಂದೇ ಎನ್ನುವ ಮಾಣಿಕನಗರದ ಸಕಲಮತವೂ ಶಿಲುಬೆಯ ಈ ಅನನ್ಯತೆಯನ್ನು ತನ್ನೊಳಗೆ ಸುಲಭವಾಗಿ ಅಡಗಿಸಿಕೊಳ್ಳಲಾರದು. ಪದಗಳು ಸಮಾನವಾದ ಮಾತ್ರಕ್ಕೆ ಅವುಗಳ ಹಿಂದಿನ ದರ್ಶನಗಳು ಸಮಾನವಾಗುವುದಿಲ್ಲ.

ಕೃಪೆಯೇ ಸಾಕೆಂದರೆ ದುಡಿಮೆಗೆ ಏನು ಬೆಲೆ ಎಂಬ ಪ್ರಶ್ನೆ ಕಾಯಕದ ನಾಡಿನಲ್ಲಿ ಸಹಜ. ಮೆಥೊಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ (1703–1791) ಇದಕ್ಕೆ ನೀಡಿದ ಉತ್ತರ ಮಹತ್ವದ್ದು. ಮನುಷ್ಯನು ದೇವರ ಕಡೆಗೆ ತಿರುಗುವ ಮುನ್ನವೇ ಕೃಪೆ ಅವನಲ್ಲಿ ಕೆಲಸಮಾಡುತ್ತದೆ. ಅದು ಆಯ್ದ ಕೆಲವರಿಗಲ್ಲ, ಸರ್ವರಿಗೂ ಮುಕ್ತ. ಸತ್ಕ್ರಿಯೆಗಳು ರಕ್ಷಣೆಯ ಬೇರಲ್ಲ, ಫಲ. ಕಾಯಕವೂ ಕೈಲಾಸವನ್ನು ಕೊಳ್ಳುವ ಹಣವಲ್ಲ, ಸಮರ್ಪಣೆ. ಈ ಬಿಂದುವಿನಲ್ಲಿ ಎರಡು ಪರಂಪರೆಗಳು ಬಹಳ ಸಮೀಪಕ್ಕೆ ಬರುತ್ತವೆ.

ನಾಳಿನ ಚಿಂತೆ

ದೇವರಲ್ಲಿ ಭರವಸೆಯಿಡುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂಬುದಕ್ಕೆ ಎರಡು ಪ್ರಸಂಗಗಳು ನಿದರ್ಶನ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವೆಂಬ ಆಹಾರವನ್ನು ಪ್ರತಿದಿನ ಬೆಳಗ್ಗೆ ಕೂಡಿಸಿಕೊಳ್ಳಬೇಕಾಗಿತ್ತು. ಅಪ್ಪಣೆ ಮೀರಿ ಮರುದಿನಕ್ಕೆಂದು ಉಳಿಸಿಕೊಂಡದ್ದರಲ್ಲಿ ಹುಳುಬಿತ್ತು. ಕಲ್ಯಾಣದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅವನ ಸತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಎರಡರಲ್ಲಿಯೂ ದಿನದ ದುಡಿಮೆ ತಪ್ಪಿಲ್ಲ. ಎರಡರಲ್ಲಿಯೂ ಅತಿಯಾದ ಸಂಗ್ರಹವು ಅಪನಂಬಿಕೆಯ ಗುರುತಾಗಿದೆ.

ಅರ್ಹತೆಯ ಪ್ರಶ್ನೆ

ಈ ತತ್ತ್ವದ ಸಾಮಾಜಿಕ ಮುಖ ಇನ್ನೂ ಗಂಭೀರವಾದುದು. ಬೀದರ ಭಾಗದಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದವರಲ್ಲಿ ಬಹುಪಾಲು ಜನ ಅಸ್ಪೃಶ್ಯತೆಯನ್ನು ಅನುಭವಿಸಿದ ಸಮುದಾಯಗಳಿಗೆ ಸೇರಿದವರು. ಗುಡಿಯ ಹೊಸ್ತಿಲನ್ನು ದಾಟಲು ಅರ್ಹತೆಯಿಲ್ಲವೆನಿಸಿಕೊಂಡವರಿಗೆ, ದೇವರ ಮುಂದೆ ಯಾರಿಗೂ ಅರ್ಹತೆಯಿಲ್ಲ, ಆದರೂ ಎಲ್ಲರಿಗೂ ಪ್ರವೇಶವಿದೆ ಎಂಬ ಮಾತು ಬಿಡುಗಡೆಯ ಮಾತಾಗಿತ್ತು. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹದ ಮೂಲಕ ಶರಣರು ಹುಟ್ಟಿನ ಅರ್ಹತೆಯನ್ನು ನಿರಾಕರಿಸಿದ್ದರು. ಅದಕ್ಕಾಗಿ ಆ ತಂದೆಯರು ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ಉಚಿತವಾದ ಕೃಪೆಗೆ ಲೋಕವು ಬೆಲೆ ಕೇಳುವುದು ಇಂದಿಗೂ ನಿಂತಿಲ್ಲ. ದೀಕ್ಷಾಸ್ನಾನದಿಂದ ಜಾತಿಯ ಗುರುತು ಅಳಿಯಲಿಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನವೂ ದೊರೆಯುವುದಿಲ್ಲ.

ಒಟ್ಟಿನಲ್ಲಿ, ಕ್ರೈಸ್ತ ರಕ್ಷಣಾ ತತ್ತ್ವವು ಕಲ್ಯಾಣದ ನೆಲದಲ್ಲಿ ಆಡಿದ್ದು ಕನ್ನಡಕ್ಕೆ ಮೊದಲೇ ಪರಿಚಿತವಾಗಿದ್ದ ಮಾತುಗಳನ್ನು. ಆ ಪರಿಚಯವೇ ಅದರ ಅನನ್ಯತೆಯನ್ನು ಕೆಲಮಟ್ಟಿಗೆ ಮಸುಕಾಗಿಸಿತು. ಆದರೆ ಅದರ ಆಳವಾದ ಪ್ರಶ್ನೆಯನ್ನು ಇಲ್ಲಿಯ ಜನ ಗುರುತಿಸಲು ಆ ಪರಿಚಯವೇ ನೆರವಾಯಿತು. ದೇವರ ಬಳಿಗೆ ಬರಲು ಯಾರು ಅರ್ಹರು ಎಂಬುದೇ ಆ ಪ್ರಶ್ನೆ. ಶರಣರೂ ಕ್ರೈಸ್ತರೂ ಬೇರೆ ಬೇರೆ ದಾರಿಗಳಿಂದ ಬಂದು ಇದಕ್ಕೆ ನೀಡುವ ಉತ್ತರದ ಒಂದು ಅಂಶ ಸಮಾನವಾಗಿದೆ: ಹುಟ್ಟು ಅರ್ಹತೆಯಲ್ಲ, ಗಳಿಕೆಯೂ ಅರ್ಹತೆಯಲ್ಲ.