ಗಾಜು ಹೊಸದು, ರಬ್ಬರ್ ಹಳೆಯದು ಆದರೆ ಅಂಬಾಸಿಡರ್ ಉಳಿಯದು

ಟಾರ್ಪಾಲು ಹೊದ್ದ ಹಳೇ ಅಂಬಾಸಿಡರ್ ಮನೆಯಂಗಳದಲ್ಲಿದ್ದರೆ, ಒಮ್ಮೆ ಅದರ ಮುಂದಿನ ಗಾಜಿನ ಸುತ್ತ ಬೆರಳಾಡಿಸಿ ನೋಡಿ. ಕಪ್ಪು ರಬ್ಬರ್ ಬೀಡಿಂಗ್ ಮೆತ್ತಗಿದೆಯಾ, ಬಿರುಕು ಬಿಟ್ಟಿದೆಯಾ? ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ರಿಪೇರಿ ಮಾಡಿಸುತ್ತೇವೆ. ಬೀಡಿಂಗ್ ಕೆಟ್ಟರೆ ನೀರಿಳಿದು ಕಾರು ಒಳಗಿಂದೊಳಗೇ ಕೊಳೆಯುತ್ತದೆ. ನಮಗೆ ಗೊತ್ತಾಗುವಾಗ ಗುಜರಿಯವನು ಬಾಗಿಲಲ್ಲಿರುತ್ತಾನೆ.

ನಮ್ಮ ಕರಾವಳಿಯಲ್ಲಿ ಮಳೆ, ಉಪ್ಪುಗಾಳಿ ತಗಡನ್ನು ತಿನ್ನುತ್ತದೆ. ಘಟ್ಟ ಹತ್ತಿ ಬಳ್ಳಾರಿ ಕಡೆ ಹೋದರೆ ಕಥೆಯೇ ಬೇರೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ರಬ್ಬರನ್ನು ಒಣಗಿಸುತ್ತದೆ. ನಗರದ ಪಕ್ಕದ ಸಂಗನಕಲ್ಲು ನವಶಿಲಾಯುಗದ ಜನ ಕಲ್ಲುಕೊಡಲಿ ತಯಾರಿಸಿದ ಗುಡ್ಡಗಳ ಊರು. ಆ ಕಲ್ಲಿನ ಸೀಮೆಯಲ್ಲಿ ಜಲ್ಲಿ, ಅದಿರು ಹೊತ್ತ ಟಿಪ್ಪರಿನ ಚಕ್ರದಿಂದ ಚಿಮ್ಮಿದ ಒಂದು ಹರಳು ಸಾಕು, ಗಾಜು ಬಿರುಕು ಬಿಡಲು.

ಈಗಿನ ಕಾರುಗಳಲ್ಲಿ ಗಾಜನ್ನು ಅಂಟಿನಿಂದ ಕೂರಿಸುತ್ತಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಹಾಗಲ್ಲ, ಅಲ್ಲಿ ರಬ್ಬರೇ ಹಿಡಿತ. ಬೀಡಿಂಗಿನ ಒಂದು ಗಾಡಿಯಲ್ಲಿ ಗಾಜು ಕೂರುತ್ತದೆ, ಇನ್ನೊಂದು ಗಾಡಿ ಬಾಡಿಯ ತಗಡಿನ ಅಂಚನ್ನು ಕಚ್ಚುತ್ತದೆ.

ಹಳೇ ರಬ್ಬರನ್ನು ಉಳಿಸಲು ಹೋಗಬೇಡಿ, ಕತ್ತರಿಸಿ ತೆಗೆಯಿರಿ. ಅದರಡಿ ತುಕ್ಕಿದ್ದರೆ ಉಜ್ಜಿ, ತೂತಾದಲ್ಲಿ ತಗಡು ಬೆಸೆದು, ಪ್ರೈಮರ್ ಮತ್ತು ಪೇಂಟ್ ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕೆಲಸ. ಹೊಸ ಬೀಡಿಂಗನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಇದೊಂದು ಕೆಲಸಕ್ಕೆ ಬಳ್ಳಾರಿ ಬಿಸಿಲು ಉಪಕಾರಿ!

ಮೊದಲು ಗಾಜಿನ ಸುತ್ತ ಬೀಡಿಂಗ್ ತೊಡಿಸಬೇಕು. ಆಮೇಲೆ ಹೊರಗಿನ ಗಾಡಿಯುದ್ದಕ್ಕೂ ಗಟ್ಟಿ ನೈಲಾನ್ ದಾರ ಕೂರಿಸಿ, ಎರಡೂ ತುದಿ ಕೆಳಗಿನ ನಡುಭಾಗದಲ್ಲಿ ಒಂದರ ಮೇಲೊಂದು ದಾಟಿ ಕಾರಿನೊಳಗೆ ಇಳಿಯುವಂತೆ ಬಿಡಬೇಕು. ಸೋಪಿನ ನೀರು ಸವರಿ. ಸೀಮೆಎಣ್ಣೆ, ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಇನ್ನು ಇಬ್ಬರ ಕೆಲಸ. ಹೊರಗಿನವರು ಅಂಗೈಯಿಂದ ಒತ್ತಬೇಕು, ಒಳಗಿನವರು ದಾರವನ್ನು ನಿಧಾನಕ್ಕೆ ಎಳೆಯಬೇಕು. ದಾರ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕೂರುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಗುದ್ದಬಾರದು. ಮತ್ತೆ ಸೋಪಿನ ನೀರು ಹಾಕಿ ಎಳೆಯಿರಿ. ಗಾಜಿನ ಅಂಚಿಗೆ ಬಿದ್ದ ಸಣ್ಣ ಏಟೂ ನಾಳೆ ದೊಡ್ಡ ಬಿರುಕಾಗಬಹುದು.

ಗಾಜು ಕೊಳ್ಳುವಾಗ ಲ್ಯಾಮಿನೇಟೆಡ್ ಕೇಳಿ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಕಲ್ಲು ಬಡಿದರೂ ಅದು ಚೂರಾಗಿ ಮಡಿಲಿಗೆ ಬೀಳದು. ಬಣ್ಣದ ಗಾಜಾದರೆ ಮುಂದಿನದರಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ದಾಟಬೇಕೆಂಬುದು ಕಾನೂನು.

ಉತ್ತರಪಾರಾದ ಕಾರ್ಖಾನೆಯಲ್ಲಿ 2014ಕ್ಕೆ ಅಂಬಾಸಿಡರ್ ತಯಾರಿಕೆ ನಿಂತಿದೆ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರುಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರಕಾರ 2021ರಲ್ಲಿ ತಂದಿದೆ. ಆದರೆ ತಗಡೇ ಕರಗಿ ಹೋದ ಕಾರಿಗೆ ಯಾವ ನೋಂದಣಿಯಿಂದ ಏನು ಪ್ರಯೋಜನ?

ಕೆಲಸ ಮುಗಿದ ಮೇಲೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಿ. ಮೂಲೆಗಳನ್ನು ಚೆನ್ನಾಗಿ ನೋಡಿ. ಮ್ಯಾಟ್ ಎತ್ತಿ ಕೈಯಿಟ್ಟಾಗ ನೆಲ ಒಣಗಿದ್ದರೆ ಮಾತ್ರ ಗ್ಯಾರೇಜಿನವರಿಗೆ ದುಡ್ಡು ಎಣಿಸಿ.