ರೋಗಶೇಷದ ಹೊಣೆ ಯಾರದು?

ಸಾಲದ ಶೇಷವನ್ನೂ ಬೆಂಕಿಯ ಶೇಷವನ್ನೂ ರೋಗದ ಶೇಷವನ್ನೂ ಉಳಿಸಬಾರದೆಂಬುದು ನಮ್ಮ ಹಿರಿಯರ ಅನುಭವದ ಮಾತು. ಉಳಿದ ಸಾಲವು ಬಡ್ಡಿಯೊಡನೆ ಬೆಳೆಯುತ್ತದೆ. ಉಳಿದ ಕಿಡಿಯು ಗಾಳಿ ಬೀಸಿದೊಡನೆ ಮನೆಯನ್ನು ಸುಡುತ್ತದೆ. ಉಳಿದ ರೋಗವು ಮೊದಲಿಗಿಂತ ಬಲವಾಗಿ ಮರಳುತ್ತದೆ. ಮೊದಲಿನ ಎರಡು ವಿಷಯಗಳಲ್ಲಿ ನಮ್ಮ ಜನರು ತಕ್ಕಮಟ್ಟಿಗೆ ಎಚ್ಚರಿಕೆಯಿಂದಿದ್ದಾರೆ. ಮೂರನೆಯದರಲ್ಲಿ ಮಾತ್ರ ಅಷ್ಟು ಎಚ್ಚರಿಕೆಯು ಕಾಣುವುದಿಲ್ಲ. ಔಷಧವನ್ನು ಆರಂಭಿಸಿ, ನಡುವೆ ಬಿಟ್ಟು, ತಾವೂ ಕೆಟ್ಟು ನೆರೆಯವರನ್ನೂ ಅಪಾಯಕ್ಕೆ ಗುರಿಮಾಡುವ ರೋಗಿಗಳ ವಿಷಯವಾಗಿ ವೈದ್ಯರೂ ಅಧಿಕಾರಿಗಳೂ ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ದೂರು ಸುಳ್ಳಲ್ಲ. ಆದರೆ ಅದು ಪೂರ್ಣಸತ್ಯವೂ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಇದನ್ನು ಕ್ಷಯರೋಗದ ನಿದರ್ಶನದಿಂದ ವಾಚಕರ ಮುಂದಿಡಲು ಬಯಸುತ್ತೇವೆ.

ಕ್ಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೩ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕ್ಷಯಕ್ಕೆ ಗುರಿಯಾದವರಲ್ಲಿ ನೂರಕ್ಕೆ ೨೬ ಮಂದಿ, ಎಂದರೆ ಸುಮಾರು ೨೮ ಲಕ್ಷ ಜನರು, ಭಾರತೀಯರು. ಒಂದು ಕಾಲದಲ್ಲಿ ಈ ರೋಗಕ್ಕೆ ಮದ್ದೇ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದಲೇ ತೀರಿಕೊಂಡರು. ಮೈಸೂರಿನ ಕ್ಷಯ ಆರೋಗ್ಯಧಾಮವು ಅವರ ಹೆಸರನ್ನೇ ಹೊತ್ತಿದೆ. ಶ್ರೀಮತಿ ಕಮಲಾ ನೆಹರೂ ಅವರನ್ನು ಐರೋಪ್ಯ ವೈದ್ಯರೂ ಉಳಿಸಲಾರದೆ ಹೋದರು. ೧೯೩೬ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದಲ್ಲಿ ದೇಹವನ್ನು ಬಿಟ್ಟರು. ಆ ಬಳಿಕ ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ೧೯೫೨ರಲ್ಲಿ ಐಸೋನಿಯಾಜಿಡ್ ಬಳಕೆಗೆ ಬಂದಿತು. ಕೆಲವು ವರ್ಷಗಳ ತರುವಾಯ ರಿಫಾಂಪಿಸಿನ್ ಬಂದಿತು. ಇಂದು ಸಾಮಾನ್ಯ ಕ್ಷಯವು ಆರು ತಿಂಗಳ ಗುಳಿಗೆಗಳಿಂದ ವಾಸಿಯಾಗುತ್ತದೆ. ಸರ್ಕಾರವು ಆ ಗುಳಿಗೆಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಅಂದು ಮದ್ದಿಲ್ಲದೆ ಅರಮನೆಯವರು ಸತ್ತ ರೋಗದಿಂದ ಇಂದು ಮದ್ದಿದ್ದೂ ಗುಡಿಸಲಿನವರು ಸಾಯುತ್ತಿದ್ದಾರೆ. ಇದು ವಿಚಾರ ಮಾಡತಕ್ಕ ವಿಷಯವಲ್ಲವೆ?

ಮೊದಲು, ಔಷಧವನ್ನು ಬಿಟ್ಟರೆ ಆಗುವುದೇನೆಂಬುದನ್ನು ನೋಡೋಣ. ಕ್ಷಯದ ಕ್ರಿಮಿಯು ಬಹು ನಿಧಾನವಾಗಿ ಬೆಳೆಯುವಂಥದು. ಇತರ ಅನೇಕ ಕ್ರಿಮಿಗಳು ಅರ್ಧ ಗಂಟೆಯೊಳಗೆ ಒಂದು ಎರಡಾದರೆ, ಇದಕ್ಕೆ ಹೆಚ್ಚುಕಡಿಮೆ ಒಂದು ಹಗಲು ರಾತ್ರಿ ಬೇಕು. ಔಷಧವು ಬೆಳೆಯುತ್ತಿರುವ ಕ್ರಿಮಿಗಳನ್ನು ಬೇಗನೆ ಕೊಲ್ಲುತ್ತದೆ. ನಿದ್ರಿಸುತ್ತಿರುವಂತೆ ಅಡಗಿ ಕುಳಿತವುಗಳನ್ನು ಕೊಲ್ಲಲು ತಿಂಗಳುಗಳೇ ಹಿಡಿಯುತ್ತವೆ. ಆದಕಾರಣ ಮೊದಲಿನ ಎರಡು ತಿಂಗಳು ನಾಲ್ಕು ಔಷಧಗಳನ್ನೂ ಮುಂದಿನ ನಾಲ್ಕು ತಿಂಗಳು ಮೂರು ಔಷಧಗಳನ್ನೂ ಕೊಡುವ ಪದ್ಧತಿಯಿದೆ. ಎರಡನೆಯ ತಿಂಗಳು ಮುಗಿಯುವಷ್ಟರಲ್ಲಿಯೇ ಜ್ವರವು ಇಳಿದು, ಕೆಮ್ಮು ನಿಂತು, ಮೈಗೆ ಕಸುವು ಬರುತ್ತದೆ. ರೋಗಿಯು ತಾನು ಗುಣಹೊಂದಿದೆನೆಂದು ತಿಳಿಯುತ್ತಾನೆ. ಗುಣವಾಗಿರುವುದು ರೋಗದ ಲಕ್ಷಣ. ರೋಗವು ಒಳಗೆ ಇದ್ದೇ ಇದೆ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಂಭೀರವಾದುದು. ಶ್ವಾಸಕೋಶದ ಒಂದು ಕುಳಿಯಲ್ಲಿ ಕೋಟಿಗಟ್ಟಲೆ ಕ್ರಿಮಿಗಳಿರುತ್ತವೆ. ಅವುಗಳಲ್ಲಿ ಹತ್ತು ಲಕ್ಷಕ್ಕೊಂದರಂತೆ, ಯಾವುದೋ ಒಂದು ಔಷಧಕ್ಕೆ ಜಗ್ಗದ ಕ್ರಿಮಿಯು ಸ್ವಭಾವತಃ ಹುಟ್ಟಿಕೊಂಡಿರುತ್ತದೆ. ಹಲವು ಔಷಧಗಳು ಕೂಡಿ ಕೆಲಸಮಾಡುವಾಗ ಒಂದಕ್ಕೆ ಜಗ್ಗದುದು ಮತ್ತೊಂದಕ್ಕೆ ಬಲಿಯಾಗುತ್ತದೆ. ಒಂದೇ ಔಷಧವನ್ನು ಕೊಟ್ಟರೆ, ಅಥವಾ ಕೆಲವನ್ನು ನುಂಗಿ ಕೆಲವನ್ನು ಬಿಟ್ಟರೆ, ಜಗ್ಗದವುಗಳು ಮಾತ್ರ ಉಳಿದು ಪ್ರಬಲವಾಗುತ್ತವೆ. ೧೯೪೮ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಆರಂಭದಲ್ಲಿ ರೋಗಿಗಳು ಆಶ್ಚರ್ಯಕರವಾಗಿ ಚೇತರಿಸಿಕೊಂಡರು. ಆದರೆ ಅವರಲ್ಲಿ ಬಹುಮಂದಿಯ ಕಫದಲ್ಲಿ ಆ ಔಷಧಕ್ಕೆ ಅಂಜದ ಕ್ರಿಮಿಗಳು ಕಾಣಿಸಿಕೊಂಡವು. ನಮ್ಮ ದೇಶದಲ್ಲಿ ೨೦೧೪ರಿಂದ ೨೦೧೬ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು ಹೇಳುವುದೂ ಇದನ್ನೇ. ಎರಡು ಮುಖ್ಯ ಔಷಧಗಳಿಗೂ ಜಗ್ಗದ ಕ್ಷಯವು ಹೊಸ ರೋಗಿಗಳಲ್ಲಿ ನೂರಕ್ಕೆ ಮೂವರಿಗಿಂತ ಕಡಿಮೆ ಮಂದಿಗೆ ಇದ್ದಿತು. ಹಿಂದೊಮ್ಮೆ ಔಷಧವನ್ನು ತೆಗೆದುಕೊಂಡಿದ್ದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗಿಂತ ಹೆಚ್ಚು ಜನರಿಗೆ ಇದ್ದಿತು.

ಇಂಥ ರೋಗಿಯು ಬಹುಕಾಲ ಒಂದೂವರೆ ಎರಡು ವರ್ಷ ಔಷಧವನ್ನು ಸೇವಿಸಬೇಕಾಗುತ್ತಿದ್ದಿತು. ತಿಂಗಳುಗಟ್ಟಲೆ ಚುಚ್ಚುಮದ್ದು ಹಾಕಿಸಿಕೊಂಡು ಕಿವಿ ಕಳೆದುಕೊಂಡವರೂ ಉಂಟು. ಆರು ತಿಂಗಳಲ್ಲಿ ಮುಗಿಯುವ ಹೊಸ ಗುಳಿಗೆಗಳ ಕ್ರಮಕ್ಕೆ ಭಾರತ ಸರ್ಕಾರವು ೨೦೨೪ರಲ್ಲಿ ಒಪ್ಪಿಗೆಯಿತ್ತುದು ಸಂತೋಷದ ಸಂಗತಿ. ಆದರೆ ಆ ಔಷಧಗಳನ್ನೂ ಅರ್ಧದಲ್ಲಿ ಬಿಟ್ಟರೆ ಅವುಗಳಿಗೂ ಅದೇ ಗತಿಯೊದಗುವುದು. ಇದರ ಫಲವನ್ನು ರೋಗಿಯೊಬ್ಬನೇ ಉಣ್ಣುವುದಿಲ್ಲ. ಸರಿಯಾಗಿ ಔಷಧ ಪಡೆಯುವ ರೋಗಿಯಿಂದ ಕೆಲವೇ ವಾರಗಳಲ್ಲಿ ಸೋಂಕಿನ ಭಯವು ಬಹುಮಟ್ಟಿಗೆ ತಪ್ಪುತ್ತದೆ. ನಡುವೆ ಬಿಟ್ಟವನು ಮತ್ತೆ ಕೆಮ್ಮತೊಡಗಿ, ಜಗ್ಗದ ಕ್ರಿಮಿಯನ್ನೇ ಮಡದಿಮಕ್ಕಳಿಗೆ ಕೊಡುತ್ತಾನೆ. ಒಂದು ಗುಳಿಗೆಯನ್ನೂ ತಪ್ಪಿಸದ, ಒಂದು ಗುಳಿಗೆಯನ್ನೂ ಕಾಣದ ಕೂಸಿಗೆ ಆ ರೋಗವು ಮೊದಲ ದಿನದಿಂದಲೇ ಕಠಿಣವಾಗಿ ಬರುತ್ತದೆ.

ಇಷ್ಟು ಅನರ್ಥವನ್ನು ಬಲ್ಲ ವೈದ್ಯನು ಔಷಧ ಬಿಟ್ಟವನ ಮೇಲೆ ಕೋಪಿಸಿಕೊಳ್ಳುವುದು ಸಹಜ. ಸರ್ಕಾರಿ ಕಾಗದಪತ್ರಗಳಲ್ಲಿ ಅಂಥವನಿಗೆ ಬಹುಕಾಲ ‘ಡಿಫಾಲ್ಟರ್’ ಎಂಬ ಹೆಸರಿದ್ದಿತು. ನಮ್ಮ ಸಹಕಾರ ಸಂಘಗಳ ಭಾಷೆಯಲ್ಲಿ ಹೇಳುವುದಾದರೆ ‘ಸುಸ್ತಿದಾರ’. ಕೊಂಡದ್ದನ್ನು ತೀರಿಸದವನಿಗೆ ಸಲ್ಲುವ ಶಬ್ದವನ್ನು ಕೆಮ್ಮುತ್ತ ಬಂದು ಕೆಮ್ಮುತ್ತ ಹೋದವನಿಗೆ ಅಂಟಿಸಿದ್ದಾಯಿತು. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಶಬ್ದವನ್ನು ಕೈಬಿಟ್ಟು, ‘ಸಂಪರ್ಕ ತಪ್ಪಿದವರು’ ಎಂಬ ಅರ್ಥದ ಮಾತನ್ನು ಬಳಕೆಗೆ ತಂದಿತು. ಶಬ್ದ ಬದಲಾಯಿತು, ನಮ್ಮ ಮನೋಭಾವವು ಬದಲಾಗಿದೆಯೆ?

ರೋಗಿಯು ಏಕೆ ಬಿಡುತ್ತಾನೆಂಬುದನ್ನು ಅವನ ಸ್ಥಾನದಲ್ಲಿ ನಿಂತು ನೋಡಬೇಕು. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನೊಬ್ಬನನ್ನು ಭಾವಿಸಿಕೊಳ್ಳೋಣ. ಗುಳಿಗೆ ನುಂಗಿದೊಡನೆ ಹೊಟ್ಟೆ ತೊಳಸುತ್ತದೆ, ಮೂತ್ರವು ಕೆಂಪಾಗುತ್ತದೆ, ಕೀಲುಗಳು ನೋಯುತ್ತವೆ, ಕೆಲವರಿಗೆ ಕಾಮಾಲೆಯೂ ತೋರುತ್ತದೆ. ಕೆಂಪು ಬಣ್ಣವು ಔಷಧದ್ದೆಂದೂ ಅದರಿಂದ ಭಯವಿಲ್ಲವೆಂದೂ, ಕಾಮಾಲೆಯಾದರೆ ಮಾತ್ರ ಕೂಡಲೆ ವೈದ್ಯರ ಬಳಿಗೆ ಬರಬೇಕೆಂದೂ ಅವನಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ರೋಗವು ಇಳಿಮುಖವಾದಂತೆ ಹಸಿವು ಹೆಚ್ಚುತ್ತದೆ. ಮನೆಯಲ್ಲಿ ಅನ್ನವು ಹೆಚ್ಚುವುದಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ಅವನ ಕೂಲಿಯ ಹೊತ್ತು ಆರಂಭವಾಗಿರುತ್ತದೆ; ಔಷಧ ಪುಕ್ಕಟೆ, ಕಳೆದ ದಿನದ ಕೂಲಿ ಪುಕ್ಕಟೆಯಲ್ಲ. ಬರಗಾಲದಲ್ಲಿ ಗುಳೆ ಹೋದವನ ಹೆಸರು ಊರಿನ ದಾಖಲೆಯಲ್ಲಿಯೂ, ದೇಹವು ದೂರದ ಕಟ್ಟಡದ ಕೆಲಸದಲ್ಲಿಯೂ ಇರುತ್ತವೆ. ಮದುವೆಯ ವಯಸ್ಸಿನ ಹೆಣ್ಣುಮಗಳ ಔಷಧದ ಪೊಟ್ಟಣವನ್ನು ಮನೆಯವರೇ ಮುಚ್ಚಿಡುತ್ತಾರೆ. ಗಂಡನ ಮನೆಗೆ ಹೋದ ಮೇಲೆ ಅದನ್ನು ತೆರೆಯಲು ಅವಳಿಗೆ ಧೈರ್ಯ ಸಾಲದು. ಹೆಂಡದ ಚಟವೂ ಹಲವರನ್ನು ದಾರಿ ತಪ್ಪಿಸುತ್ತದೆಂಬುದನ್ನು ನಾವು ಮರೆಮಾಡುವುದಿಲ್ಲ. ಆದರೆ ಇವೆಲ್ಲವನ್ನೂ ಒಟ್ಟಿಗೆ ‘ಅಜ್ಞಾನ’ವೆಂದು ಕರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಪ್ರಬಲವಾದ ಸಾಕ್ಷ್ಯವಿದೆ. ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿನ ಡಾ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬುವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಣೆ ನಡೆಸಿ ೧೯೬೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವ ಮನಸ್ಸಿಲ್ಲ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ವಿಚಾರಣೆಯಿಂದ ಕಂಡುಬಂದುದೇ ಬೇರೆ. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿದ್ದಿತು. ಅರ್ಧದಷ್ಟು ಜನರು ತಾವಾಗಿಯೇ ಆರೋಗ್ಯ ಕೇಂದ್ರಗಳಿಗೆ ಹೋಗಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧದ ಸೀಸೆಯನ್ನು ಕೊಟ್ಟು ಕಳುಹಿಸುತ್ತಿದ್ದರು. ಬಾಗಿಲಿಗೆ ಬಂದವನನ್ನು ಹಿಂದಿರುಗಿಸಿದವರು ಯಾರು? ಹೀಗೊಮ್ಮೆ ಬರಿಗೈಯಲ್ಲಿ ಮರಳಿದವನಿಗೆ ಆ ಬಾಗಿಲಿನ ಮೇಲೆ ನಂಬಿಕೆ ಉಳಿಯುವುದೆಂತು?

ಮದರಾಸಿನ ಸಾಕ್ಷ್ಯವು ಇನ್ನೂ ಬೋಧಪ್ರದವಾದುದು. ಅಲ್ಲಿ ೧೯೫೬ರಲ್ಲಿ ಆರಂಭವಾದ ಕೇಂದ್ರವು ಬಡ ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದು ಪಂಗಡವನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ, ಒಂದು ವರ್ಷ ಅದೇ ಔಷಧಗಳನ್ನು ಕೊಟ್ಟಿತು. ಆರೋಗ್ಯಧಾಮದವರಿಗೆ ವಿಶ್ರಾಂತಿಯೂ ಒಳ್ಳೆಯ ಆಹಾರವೂ ದಾದಿಯರ ಶುಶ್ರೂಷೆಯೂ ದೊರೆತವು. ಮನೆಯವರಿಗೆ ಇವು ದೊರೆಯಲಿಲ್ಲ. ವರ್ಷಾಂತ್ಯದಲ್ಲಿ ಎರಡು ಪಂಗಡಗಳ ಫಲವೂ ಹೆಚ್ಚುಕಡಿಮೆ ಸಮನಾಗಿದ್ದಿತು. ಮನೆಯಲ್ಲಿದ್ದವರ ಬಂಧುಗಳಿಗೆ ಸೋಂಕೂ ಹೆಚ್ಚಲಿಲ್ಲ. ಆದರೆ ಅಲ್ಲಿನ ವೈದ್ಯರು ಗುಳಿಗೆ ಕೊಟ್ಟು ಸುಮ್ಮನಾಗಲಿಲ್ಲ. ಅವರ ಸಿಬ್ಬಂದಿಯು ರೋಗಿಗಳ ಮನೆಗಳಿಗೆ ಹೋಗುತ್ತಿದ್ದಿತು. ಔಷಧ ಒಳಹೋಗಿದೆಯೆ ಎಂದು ಪರೀಕ್ಷಿಸುತ್ತಿದ್ದಿತು. ತಪ್ಪಿದವರನ್ನು ಹುಡುಕಿ ಕರೆತರುತ್ತಿದ್ದಿತು. ಬಡವನು ಔಷಧವನ್ನು ಕೊನೆಮುಟ್ಟಿಸಲಾರನೆಂಬ ಮಾತನ್ನು ಮದರಾಸಿನ ಬಡವರೇ ಸುಳ್ಳು ಮಾಡಿದರು.

ಎದುರಿಗೆ ನಿಂತು ಔಷಧವನ್ನು ನುಂಗಿಸುವ ಪದ್ಧತಿಯು ಆ ಮದರಾಸಿನ ಪ್ರಯೋಗಗಳಲ್ಲಿಯೇ ಬೆಳೆದು, ೧೯೯೭ರಿಂದ ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೂ ಬಂದಿತು. ಅದರಿಂದ ಲಕ್ಷಾಂತರ ಜನರು ಬದುಕಿದುದನ್ನು ನಾವು ಒಪ್ಪುತ್ತೇವೆ. ಆದರೆ ಆ ಪದ್ಧತಿಯ ಕಾವಲು ಉಳಿದು ಕನಿಕರವು ಹೋದೆಡೆಗಳಲ್ಲಿ ರೋಗಿಯು ಆಸ್ಪತ್ರೆಯನ್ನು ಠಾಣೆಯೆಂದೇ ಬಗೆಯತೊಡಗಿದನು. ಇನ್ನು ಎಲ್ಲ ತಪ್ಪೂ ರೋಗಿಯದೇ ಎನ್ನುವವರು ಮತ್ತೆರಡು ಸಂಗತಿಗಳನ್ನು ನೆನೆಯಬೇಕು. ೧೯೯೧ರಲ್ಲಿ ಪ್ರಕಟವಾದ ಮುಂಬಯಿಯ ಒಂದು ವಿಚಾರಣೆಯಲ್ಲಿ ಸುಮಾರು ನೂರು ಮಂದಿ ಖಾಸಗಿ ವೈದ್ಯರು ಈ ಒಂದೇ ರೋಗಕ್ಕೆ ಎಂಬತ್ತು ಬಗೆಯ ಔಷಧಕ್ರಮಗಳನ್ನು ಬರೆದುಕೊಟ್ಟರು. ೨೦೨೪ರ ಆರಂಭದ ತಿಂಗಳುಗಳಲ್ಲಿ ದೇಶದ ಹಲವೆಡೆ ಕ್ಷಯದ ಗುಳಿಗೆಗಳೇ ಸಾಲದೆ ರೋಗಿಗಳು ಬರಿಗೈಯಲ್ಲಿ ಮರಳಿದರು. ಆಗ ರೋಗಿಯು ಔಷಧವನ್ನು ಬಿಡಲಿಲ್ಲ. ಔಷಧವೇ ರೋಗಿಯನ್ನು ಬಿಟ್ಟಿತು. ಅಂದು ಸುಸ್ತಿದಾರನೆಂಬ ಹೆಸರು ಯಾರಿಗೆ ಸಲ್ಲಬೇಕಾಗಿದ್ದಿತು?

ಹಾಗಾದರೆ ರೋಗಿಗೆ ಹೊಣೆಯೇ ಇಲ್ಲವೆ? ಇದೆ. ಲಕ್ಷಣಗಳು ಹೋದ ಮೇಲೂ ಔಷಧವನ್ನು ಪೂರೈಸುವುದು ಅವನಿಗೆ ತನ್ನ ಮಕ್ಕಳ ಋಣ. ಆದರೆ ಆ ಋಣವನ್ನು ತೀರಿಸುವ ಶಕ್ತಿಯನ್ನು ಅವನಿಗೆ ಒದಗಿಸುವುದು ನಮ್ಮ ಋಣ. ಝಾರ್ಖಂಡದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರೋಗಿಗಳ ಮನೆಮಂದಿಗೂ ತಿಂಗಳು ತಿಂಗಳು ಅಕ್ಕಿಬೇಳೆಗಳನ್ನು ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ಮೂವತ್ತೊಂಬತ್ತರಷ್ಟು ಕಡಿಮೆಯಾಯಿತು. ಅನ್ನವೂ ಔಷಧವೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕೆ? ಕೇಂದ್ರ ಸರ್ಕಾರವು ೨೦೧೮ರಿಂದ ರೋಗಿಗೆ ತಿಂಗಳಿಗೆ ೫೦೦ ರೂಪಾಯಿಗಳಂತೆ ಪೋಷಣೆಗಾಗಿ ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧೦೦೦ಕ್ಕೆ ಏರಿಸಿತು. ಹಣವು ರೋಗಿಯು ಗುಣಹೊಂದಿದ ಮೇಲೋ ಸತ್ತ ಮೇಲೋ ಬಂದರೆ ಪ್ರಯೋಜನವೇನು? ಅದು ಮೊದಲ ತಿಂಗಳಲ್ಲಿಯೇ ಕೈಸೇರುವಂತೆ ನೋಡುವುದು ಅಧಿಕಾರಿಗಳ ಕರ್ತವ್ಯ.

ಉಳಿದ ಕೆಲಸಗಳು ದೊಡ್ಡವೇನಲ್ಲ. ಔಷಧ ಕೊಡುವ ಕೇಂದ್ರವು ಕೂಲಿಕಾರನ ಅನುಕೂಲಕ್ಕಾಗಿ ಸಂಜೆಯೂ ತೆರೆದಿರಲಿ. ಗುಳೆ ಹೋಗುವವನ ಕೈಗೆ ಔಷಧವನ್ನೂ ಚೀಟಿಯನ್ನೂ ಕೊಟ್ಟು, ಹೋದೂರಿನ ಕೇಂದ್ರಕ್ಕೆ ಮೊದಲೇ ಸುದ್ದಿ ಮುಟ್ಟಲಿ. ಔಷಧದಿಂದಾಗುವ ತೊಂದರೆಗಳನ್ನು ವೈದ್ಯರು ಮೊದಲ ದಿನವೇ ತಿಳಿಸಲಿ. ದಾಸ್ತಾನು ಬರಿದಾಗುವ ಮೊದಲೇ ಅಧಿಕಾರಿಯು ಲೆಕ್ಕವನ್ನು ನೋಡಲಿ. ವರ್ತಕರೂ ಮಾಲೀಕರೂ ರೋಗಿಯಾದ ಆಳನ್ನು ಕೆಲಸದಿಂದ ತೆಗೆಯದೆ, ಔಷಧಕ್ಕೆ ಹೋಗಲು ಬಿಡುವು ಕೊಡಲಿ. ನೆರೆಯವರು ಪಾತ್ರೆಯನ್ನು ಬೇರೆಯಿಡುವ ಬದಲು ಇಂದಿನ ಗುಳಿಗೆ ಆಯಿತೆ ಎಂದು ವಿಚಾರಿಸಲಿ.

ಔಷಧವನ್ನು ಬಿಟ್ಟ ರೋಗಿಯು ಮುಂದೊಂದು ದಿನ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಬರುತ್ತಾನೆ. ಅವನು ಬಂದುದೇ ಭಾಗ್ಯವೆಂದು ತಿಳಿಯಬೇಕು. ಬಾರದೆ ಮನೆಯ ಮೂಲೆಯಲ್ಲಿಯೇ ತೀರಿಹೋಗುವವರೂ ಉಂಟು. ಆಗ ಅವನಿಗೆ ಹಾಕಬೇಕಾದ ಮೊದಲ ಪ್ರಶ್ನೆ ‘ಏಕೆ ಬಿಟ್ಟೆ?’ ಎಂಬುದಲ್ಲ, ‘ನಿಮಗೆ ಏನು ಅಡ್ಡಿಯಾಯಿತು?’ ಎಂಬುದು. ಅದಕ್ಕೆ ಅವನು ಕೊಡುವ ಉತ್ತರವನ್ನು ಬರೆದುಕೊಂಡು ಆ ಅಡ್ಡಿಯನ್ನು ಕಿತ್ತುಹಾಕುವ ಆಡಳಿತವು ಎಲ್ಲಿರುವುದೋ ಅಲ್ಲಿ ರೋಗದ ಶೇಷವು ಉಳಿಯಲಾರದೆಂದು ನಾವು ನಂಬಿದ್ದೇವೆ.