ತೊಗರಿ ಹೊಲದಾಗ ಎಷ್ಟು ವಿಭಾಗ?

ಪದವಿ ಕಾಲೇಜಿನಲ್ಲಿ ಪರಿಸರ ಅಧ್ಯಯನದ ಪತ್ರಿಕೆ ಯಾರ ತಲೆಗೆ ಬರುತ್ತದೆ ಎಂದು ಯಾವ ಉಪನ್ಯಾಸಕರನ್ನು ಕೇಳಿದರೂ ಉತ್ತರ ಒಂದೇ: ಆ ವರ್ಷ ಯಾರಿಗೆ ವರ್ಕ್‌ಲೋಡ್ ಕಡಿಮೆ ಬಿದ್ದಿದೆಯೋ ಅವರಿಗೆ. ನಾನು ಅರ್ಥಶಾಸ್ತ್ರದ ಮಾಸ್ತರ, ಜೇವರ್ಗಿ ತಾಲ್ಲೂಕಿನ ಒಕ್ಕಲು ಮನೆಯವನು. ನನಗಿಂತ ಮೊದಲು ಕನ್ನಡದವರು, ವಾಣಿಜ್ಯದವರು, ಒಮ್ಮೆ ದೈಹಿಕ ಶಿಕ್ಷಣದವರೂ ಈ ಪತ್ರಿಕೆಯನ್ನು ದಡ ಮುಟ್ಟಿಸಿದ್ದರು.

ಇದರ ಹುಟ್ಟು ಕೋರ್ಟಿನಲ್ಲಿ. ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ಆದೇಶ ಕಡತದಲ್ಲೇ ಮಲಗಿದ್ದನ್ನು ಕಂಡು 2003ರಲ್ಲಿ ಮತ್ತೆ ಕಿವಿ ಹಿಂಡಿತು. ಆಮೇಲೆ ಯುಜಿಸಿಯ ಆರು ತಿಂಗಳ ಪಠ್ಯ ಎಲ್ಲ ಪದವಿಗಳಿಗೂ ಬಂತು. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಹುಡುಗರು ಒಂದೇ ಬೆಂಚಿನ ಮೇಲೆ ಕೂಡುವ ತಾಸು ನಮ್ಮಲ್ಲಿ ಇದೊಂದೇ. ಅದನ್ನು ಓಜೋನ್ ಪದರಕ್ಕೆ ಪೂರ್ತಿ ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ನಿಮ್ಮ ಹೊಲದಾಗ ಏನು ಕೆಟ್ಟದ, ಅದನ್ನ ತೊಗೊಂಡು ಬರ್ರಿ" ಎಂದೆ.

ಆಳಂದ ಕಡೆಯ ಹುಡುಗನೊಬ್ಬ ಒಣಗಿದ ತೊಗರಿ ಗಿಡವನ್ನು ಬೇರು ಸಮೇತ ಕಿತ್ತು ತಂದ. ಕುಡುಗೋಲಿನಿಂದ ಬುಡ ಸೀಳಿ ಎಲ್ಲರಿಗೂ ತೋರಿಸಿದ. ಹೊರಗೆ ಬುಡದಿಂದ ಮೇಲಕ್ಕೇರಿದ ನೇರಳೆ ಪಟ್ಟಿ. ಒಳಗೆ ನೀರು ಏರುವ ನಾಳವೆಲ್ಲ ಕಪ್ಪುಗಂದು. "ಹೊಲದಾಗ ಹಸಿ ಅದ ಸರ್. ಆದ್ರೂ ನೀರಿಲ್ಲದಂಗ ಒಣಗ್ಯಾದ" ಎಂದ. ಇದು ನೆಟೆ ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನಾಳವನ್ನೇ ಕಟ್ಟಿಬಿಡುತ್ತದೆ; ಕೊಯ್ಲಾದ ಮೇಲೂ ಕೂಳೆಯಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. 2022ರ ಮುಂಗಾರಿನ ಬೆಳೆಯನ್ನು ಇದೇ ರೋಗ ಕಲಬುರಗಿ ಜಿಲ್ಲೆಯ ಉದ್ದಗಲಕ್ಕೂ ಒಣಗಿಸಿದಾಗ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತ್ತು.

ಸಸ್ಯಶಾಸ್ತ್ರದ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ರೋಗ ಇಷ್ಟು ಬೇರೂರಿದ್ದು ಹೇಗೆ? ತೊಗರಿಯನ್ನು ಜೋಳದ ಸಂಗಡವೋ ಜೋಳದ ನಂತರವೋ ಬಿತ್ತಿದರೆ ನೆಟೆ ತಗ್ಗುತ್ತದೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿ ದಶಕಗಳಾದವು. ಹಾಗಾದರೆ ಜೋಳ ಏಕೆ ಬಿಟ್ಟಿರಿ ಎಂದೆ. "ತೊಗರಿಗಿ ರೇಟ್ ಅದಲ್ರಿ ಸರ್" ಎಂದಳು ಬಿ.ಕಾಂ. ಹುಡುಗಿ. "ಎತ್ತು ಮಾರೀವಿ, ಕಣಕಿ ತೊಗೊಂಡು ಏನ್ ಮಾಡೂದು?" ಎಂದ ಹಿಂದಿನ ಬೆಂಚಿನವನು. ಅವನ ಮಾತಿನಲ್ಲಿ ಒಂದು ಸರಪಳಿಯೇ ಇತ್ತು. ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಎತ್ತಿಲ್ಲದ ಮನೆಗೆ ಕಣಕಿ, ಅಂದರೆ ಜೋಳದ ಒಣ ದಂಟಿನ ಮೇವು, ಬೇಡ. ಕಣಕಿ ಬೇಡವಾದ ಮೇಲೆ ಜೋಳ ಬಿತ್ತುವ ಅರ್ಧ ಕಾರಣ ಹೋಯಿತು, ಹೆಂಡಿಗೊಬ್ಬರವೂ ಹೋಯಿತು. ಉಳಿದದ್ದು ತೊಗರಿಯ ಮೇಲೆ ತೊಗರಿ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಬರುವ ತೊಗರಿಯ ಮೇಲಿನ ಸುಂಕ ದಿಲ್ಲಿಯಲ್ಲಿ ತೀರ್ಮಾನವಾಗುತ್ತದೆ, ಅದರ ಬಿಸಿ ಕಲಬುರಗಿ ಎಪಿಎಂಸಿಯಲ್ಲಿ ತಟ್ಟುತ್ತದೆ. ರೋಗ ಮಣ್ಣಿನದು, ಅದಕ್ಕೆ ದಾರಿ ಮಾಡಿಕೊಟ್ಟದ್ದು ನಮ್ಮ ಲೆಕ್ಕಾಚಾರ.

ತೊಗರಿಯ ಇನ್ನೊಂದು ವೈರಿ ಕಾಯಿಕೊರಕ, ನಮ್ಮವರ ಬಾಯಲ್ಲಿ ಬರೀ ಕೀಡಿ. 1997-98ರ ಹಂಗಾಮಿನಲ್ಲಿ ಮಳೆಯೂ ಕೀಡಿಯೂ ಸೇರಿ ಬೆಳೆ ಕೆಡಿಸಿದವು. ಕಲಬುರಗಿ, ಬೀದರ್ ಜಿಲ್ಲೆಗಳ ರೈತರ ಆತ್ಮಹತ್ಯೆಗಳು ನಾಡಿಗೆ ಸುದ್ದಿಯಾದವು. ಮುಂದೆ ರಾಜ್ಯದ ರೈತರ ಆತ್ಮಹತ್ಯೆ ಕುರಿತು 2002ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಜಿ.ಕೆ. ವೀರೇಶ್ ಕೀಟಶಾಸ್ತ್ರಜ್ಞರು. ಕೀಟ ಓದಿದವರು ಮನೆತನ, ಸಾಲ, ಕುಡಿತ, ಮನಸ್ಸು ಎಲ್ಲವನ್ನೂ ನೋಡಬೇಕಾಯಿತು. ಅದೇ ಹೊತ್ತಿಗೆ ರೈತರ ಹಳೆಯ ಉಪಾಯವೊಂದು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಕ್ಕೆ ಬಂತು: ಗಿಡ ಅಲುಗಾಡಿಸಿ, ಕೆಳಗೆ ಹಿಡಿದ ತಾಡಪತ್ರಿಯ ಮೇಲೆ ಕೀಡಿ ಉದುರಿಸುವುದು. ಉದುರಿದ ಕೀಡಿಗಳಿಂದಲೇ ಅವುಗಳನ್ನು ಕೊಲ್ಲುವ ಎನ್‌ಪಿವಿ ಎಂಬ ನಂಜಾಣು ದ್ರಾವಣ ತಯಾರಿಸುವುದನ್ನೂ ಕಲಿಸಿದರು. ರೈತನ ಕೈಚಳಕಕ್ಕೆ ಪ್ರಯೋಗಾಲಯ ಜೊತೆಯಾದ ಉದಾಹರಣೆ ಇದು.

ಅಫಜಲಪುರದ ಹುಡುಗರು ತಂದದ್ದು ನೀರಿನ ಜಗಳ. ಭೀಮೆ ನಮ್ಮ ಜಿಲ್ಲೆಗೆ ಬರುವ ಹೊತ್ತಿಗೆ ಮೇಲೆ ಉಜನಿ ಅಣೆಕಟ್ಟು ಅವಳನ್ನು ಹಿಡಿದಿರುತ್ತದೆ. ಬಚಾವತ್ ನ್ಯಾಯಮಂಡಳಿ ಭೀಮೆಯ ಮುಖ್ಯ ಹರಿವಿನಿಂದ ಮಹಾರಾಷ್ಟ್ರಕ್ಕೆ 95 ಟಿಎಂಸಿ, ನಮಗೆ 15 ಟಿಎಂಸಿ ಮಿತಿ ಹಾಕಿದೆ. ಆ ಪಾಲಿನ ಒಂದಂಶ ಸೊನ್ನ ಬ್ಯಾರೇಜಿನಲ್ಲಿ ನಿಲ್ಲುತ್ತದೆ, ದಂಡೆಯ ಪಂಪ್‌ಸೆಟ್‌ಗಳು ಅದನ್ನು ಕಬ್ಬಿಗೆ ಏರಿಸುತ್ತವೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮೇಲಿನವರ ಕಡೆ ನೋಡುವುದೂ ಇದೇ ತಾಲ್ಲೂಕು. ಕಬ್ಬು ಬಿಡ್ರಿ ಎಂದು ಹೇಳುವುದು ಸುಲಭ. ನೆಟೆಯ ಭಯವಿಲ್ಲದ, ಕಾರ್ಖಾನೆ ಕೊಳ್ಳುತ್ತದೆಂಬ ಭರವಸೆ ಇರುವ ಬೇರೆ ಬೆಳೆ ಯಾವುದು ಎಂಬ ಪ್ರಶ್ನೆಗೆ ಜಲವಿಜ್ಞಾನದ ಪುಸ್ತಕದಲ್ಲಿ ಉತ್ತರವಿಲ್ಲ.

ನಮ್ಮ ಜೇವರ್ಗಿಯಲ್ಲಿ ಕಥೆ ತಿರುಗುಮುರುಗು. 2020ರ ಅಕ್ಟೋಬರಿನಲ್ಲಿ ಮೇಲಿನಿಂದ ಬಿಟ್ಟ ನೀರಿಗೆ ಭೀಮೆ ದಂಡೆಯ ಹಳ್ಳಿಗಳು ಮುಳುಗಿದವು. ಇನ್ನೊಂದು ಮಗ್ಗುಲಲ್ಲಿ ಕೃಷ್ಣೆಯ ಕಾಲುವೆ ಬಂದಿದೆ. ಎರೆಭೂಮಿ ನೀರನ್ನು ಬಿಗಿಹಿಡಿಯುವ ಮಣ್ಣು. ಬಸಿಗಾಲುವೆ ಇಲ್ಲದೆ ನೀರು ಬಿಡುತ್ತ ಹೋದರೆ ಕೆಳಗಿನ ಉಪ್ಪು ಮೇಲೆ ಬಂದು ಹೊಲ ಸವಳಾಗುತ್ತದೆ. ನೀರಾವರಿಯ ಅಂದಾಜುಪಟ್ಟಿ ಬರೆಯುವಾಗಲೇ ಮಣ್ಣಿನವರನ್ನು ಕೂಡಿಸಿಕೊಂಡು ಕೇಳಬೇಕಾದ ಮಾತು ಇದು.

ಹೀಗೆ ಕೂಡಿ ಕೇಳುವುದು ಹೊಸದೇನಲ್ಲ. ಆಳಂದದ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಕಲ್ಮಣ ಎಂಬ ಹಳ್ಳಿಗಳಲ್ಲಿ ಇಕ್ರಿಸ್ಯಾಟ್ 1975ರಿಂದಲೇ ತನ್ನ ಜನರನ್ನು ಇರಿಸಿ ಒಂದೊಂದು ಮನೆಯ ಬಿತ್ತನೆ, ಕೂಲಿ, ಸಾಲ, ಊಟದ ಲೆಕ್ಕ ಬರೆಸಿತು. ಹತ್ತಾರು ವರ್ಷಗಳ ಆ ಲೆಕ್ಕ ಒಂದು ಮಾತನ್ನು ಗಟ್ಟಿ ಮಾಡಿತು: ಅಲ್ಲೊಂದು ಇಲ್ಲೊಂದು ತುಂಡು ಹೊಲ, ಒಂದೇ ಹೊಲದಲ್ಲಿ ನಾಲ್ಕು ಬೆಳೆ ಇಡುವ ರೈತ ಹಿಂದುಳಿದವನೇನಲ್ಲ, ಮಳೆ ಕೈಕೊಟ್ಟರೂ ಬದುಕುವ ಲೆಕ್ಕ ಹಾಕಿದವನು. ಕೃಷಿ ವಿಜ್ಞಾನಿ ಒಬ್ಬನೇ ಹೋಗಿದ್ದರೆ ಇಳುವರಿ ಕಡಿಮೆ ಎಂದು ಬರೆದುಕೊಂಡು ಬರುತ್ತಿದ್ದ.

ನಮಗೀಗ ವಿಶ್ವವಿದ್ಯಾಲಯಗಳ ಬರವಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರದು. 2009ರಲ್ಲಿ ಬಂದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ತೊಗರಿ ಹೊಲಗಳ ನಡುವೆಯೇ ಇದೆ. ಭೂವಿಜ್ಞಾನ, ಭೂಗೋಳ, ಅರ್ಥಶಾಸ್ತ್ರ, ಕನ್ನಡ, ಜಾನಪದ ಎಲ್ಲವೂ ಒಂದೇ ಆವರಣದಲ್ಲಿವೆ. ಜಾನಪದಕ್ಕೆ ಇಲ್ಲೇನು ಕೆಲಸ ಎನ್ನಬೇಡಿ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಗೆ ಏನೇನು ಬೀಳುತ್ತಿತ್ತು ಎಂದು ನನ್ನ ಹುಡುಗರು ಆಯಿಗಳನ್ನು ಕೇಳಿ ಬರೆದುಕೊಂಡು ಬಂದರು: ಹಸಿ ತೊಗರಿ, ಹಸಿ ಕಡಲೆ, ಅವರೆ, ಅಲಸಂದಿ, ಮೆಂತ್ಯೆ, ಪುಂಡಿ... ಒಂದು ಹೊಲದ ಬೆಳೆವೈವಿಧ್ಯದ ದಾಖಲೆ ಅದು. ಇವತ್ತು ಅವುಗಳಲ್ಲಿ ಹೆಚ್ಚಿನವು ಸಂತೆಯಿಂದ ಬರುತ್ತವೆ.

ಆದ್ದರಿಂದ ನನ್ನ ಸಲಹೆ ಸಣ್ಣದು. ಹೊಸ ವಿಭಾಗ ಬೇಡ, ಹೊಸ ಕಟ್ಟಡ ಬೇಡ. ವರ್ಷಕ್ಕೊಂದು ಹಳ್ಳಿ, ಆ ಹಳ್ಳಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳೋಣ. ಬೇರೆ ಬೇರೆ ವಿಷಯದ ಇಬ್ಬರು ಮಾಸ್ತರರು ಒಂದೇ ತಾಸಿಗೆ ಒಟ್ಟಿಗೆ ಹೋಗಲಿ, ಇಬ್ಬರ ವರ್ಕ್‌ಲೋಡಿಗೂ ಅದು ಲೆಕ್ಕವಾಗಲಿ. ಇದಾಗದೆ ಯಾರೂ ಹೋಗುವುದಿಲ್ಲ, ನಾನೂ ಹೋಗಲಾರೆ. ವರದಿ ಕನ್ನಡದಲ್ಲಿರಲಿ. ಮೌಖಿಕ ಪರೀಕ್ಷೆ ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ನಡೆಯಲಿ. ಅಂಕ ಹಾಕುವವರ ಪೈಕಿ ಆ ವರ್ಷ ತೊಗರಿ ಕಳೆದುಕೊಂಡ ರೈತರೊಬ್ಬರು ಕೂತಿರಲಿ. ಅವರು ಕೇಳುವ ಪ್ರಶ್ನೆ ಯಾವ ವಿಭಾಗಕ್ಕೆ ಸೇರಿದ್ದು ಎಂದು ಹುಡುಗರೂ ಕೇಳುವುದಿಲ್ಲ, ನಾವೂ ಕೇಳುವಂತಿಲ್ಲ.